ಮಿಶಿಗನ್ ಸರೋವರದಲ್ಲಿ ಸಾಲ್ಮನ್ ಹಿಡಿಯೋದು: ಮೊದಲು ತಂಪು, ಆಮೇಲೆ ವೇಗ, ಬಣ್ಣ ಕೊನೆಗೆ

ಮೀನು ಹಿಡಿಯುವ ಸಾಮಾನಿನ ಅಂಗಡಿಗೆ ಹೋದರೆ ಒಂದಿಡೀ ಗೋಡೆ ತುಂಬ ಸಣ್ಣ ಮೀನಿನ ಹಾಗೆ ಮಿಂಚುವ ಲೋಹದ ತಗಡಿನ ಗಾಳಗಳು, ಅಂದರೆ ಸ್ಪೂನ್‌ಗಳು ನೇತಾಡುತ್ತಿರುತ್ತವೆ. ಹಸಿರು, ನೀಲಿ, ಕಿತ್ತಳೆ, ಕತ್ತಲಲ್ಲಿ ಹೊಳೆಯುವ ಬಿಳಿ. ಹೊಸಬರು ಹಣವನ್ನೆಲ್ಲ ಅಲ್ಲೇ ಸುರಿದು ಬರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಸರೋವರದಲ್ಲಿ ಮೊದಲು ನೋಡಬೇಕಾದ್ದು ನೀರು ಎಷ್ಟು ಆಳದಲ್ಲಿ ಎಷ್ಟು ತಂಪಾಗಿದೆ ಅನ್ನೋದನ್ನ. ಎರಡನೆಯದು ಗಾಳ ಓಡುವ ವೇಗ. ಇವೆರಡೂ ಸರಿ ಇದ್ದರೆ ಯಾವ ಬಣ್ಣಕ್ಕಾದರೂ ಮೀನು ಬರುತ್ತದೆ. ಇವೆರಡೂ ತಪ್ಪಿದರೆ ಅಂಗಡಿಯ ಗೋಡೆಯನ್ನೇ ಹೊತ್ತು ತಂದರೂ ಪ್ರಯೋಜನವಿಲ್ಲ.

ಚಿಕಾಗೊ, ಮಿಲ್ವಾಕಿ, ಗ್ರ್ಯಾಂಡ್ ರ್‍ಯಾಪಿಡ್ಸ್ ಕಡೆ ಇರುವ ನಮ್ಮವರಲ್ಲಿ ಊರಿನ ಕೆರೆ, ಹೊಳೆ ಬದಿಯಲ್ಲಿ ಗಾಳ ಹಾಕಿ ಬೆಳೆದವರು ಬಹಳ ಜನ ಇದ್ದಾರೆ. ಮುಖ್ಯವಾಗಿ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ದಡದಲ್ಲಿ ಕೂತು ಕಾಯುವುದಿಲ್ಲ, ಬಲೆಯನ್ನೂ ಬೀಸುವುದಿಲ್ಲ. ಬೋಟನ್ನು ನಿಧಾನವಾಗಿ ಓಡಿಸುತ್ತಾ, ಬೇರೆಬೇರೆ ಆಳದಲ್ಲಿ ನಾಲ್ಕಾರು ಗಾಳಗಳನ್ನು ಹಿಂದೆ ಎಳೆದುಕೊಂಡು ಮೀನನ್ನು ಹುಡುಕುತ್ತಾ ಹೋಗುವುದು. ಸರೋವರದ ವಿಸ್ತಾರ ಸುಮಾರು 57,800 ಚದರ ಕಿಲೋಮೀಟರ್. ಅಂದರೆ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ಅತಿ ಆಳದ ಜಾಗ 281 ಮೀಟರ್. ಇಷ್ಟು ನೀರಿನಲ್ಲಿ ಸುಮ್ನೆ ಅದೃಷ್ಟ ನಂಬಿಕೊಂಡು ಹೊರಟರೆ ಆಗೋದಿಲ್ಲ.

ಈ ಮೀನುಗಳು ಇಲ್ಲಿಗೆ ಬಂದದ್ದು

ಇಲ್ಲಿನ ಮೂಲ ದೊಡ್ಡ ಮೀನು ಲೇಕ್ ಟ್ರೌಟ್. ವಿಪರೀತ ಹಿಡಿದದ್ದು ಒಂದು ಕಡೆ, ಹಡಗಿನ ಕಾಲುವೆಗಳ ದಾರಿಯಲ್ಲಿ ಒಳಗೆ ಬಂದ ಸೀ ಲ್ಯಾಂಪ್ರೇ ಎಂಬ ರಕ್ತ ಹೀರುವ ಜೀವಿ ಇನ್ನೊಂದು ಕಡೆ. 1950ರ ದಶಕದ ಹೊತ್ತಿಗೆ ಲೇಕ್ ಟ್ರೌಟ್ ಇಲ್ಲಿ ಹೆಚ್ಚುಕಡಿಮೆ ನಿರ್ನಾಮವಾಯಿತು. ತಿನ್ನುವವರೇ ಇಲ್ಲದಾಗ, ಹೊರಗಿನಿಂದ ಬಂದಿದ್ದ ಆಲ್‌ವೈಫ್ ಎಂಬ ಸಣ್ಣ ಬೆಳ್ಳಿ ಮೀನು ಮಿತಿಮೀರಿ ಬೆಳೆಯಿತು. 1967ರಲ್ಲಿ ಅವು ರಾಶಿರಾಶಿಯಾಗಿ ಸತ್ತು ದಡಕ್ಕೆ ಬಿದ್ದವು. ಅದಕ್ಕೆ ಒಂದು ವರ್ಷ ಮೊದಲು, 1966ರಲ್ಲಿ, ಮಿಶಿಗನ್ ರಾಜ್ಯದವರು ಆರೆಗನ್‌ನಿಂದ ತರಿಸಿದ ಮೊಟ್ಟೆಗಳಿಂದ ಬೆಳೆಸಿದ ಕೋಹೊ ಸಾಲ್ಮನ್ ಮರಿಗಳನ್ನು ಬಿಟ್ಟಿದ್ದರು. 1967ರಲ್ಲಿ ಚಿನೂಕ್ ಬಂತು. ಅದನ್ನೇ ಇಲ್ಲಿಯವರು ಕಿಂಗ್ ಅನ್ನೋದು. ಇವುಗಳ ಜೊತೆ ಸ್ಟೀಲ್‌ಹೆಡ್ ಮತ್ತು ಬ್ರೌನ್ ಟ್ರೌಟ್ ಕೂಡ ಇವೆ. ಅವೂ ಹೊರಗಿನಿಂದ ಬಂದವೇ.

ಈ ಕಥೆ ಯಾಕೆ ಹೇಳಿದೆ ಅಂದರೆ, ಚಿನೂಕ್ ಇವತ್ತಿಗೂ ಆಲ್‌ವೈಫನ್ನೇ ನಂಬಿ ಬದುಕುವ ಮೀನು. ಪಕ್ಕದ ಹ್ಯೂರಾನ್ ಸರೋವರದಲ್ಲಿ 2003-04ರ ಸುಮಾರಿಗೆ ಆಲ್‌ವೈಫ್ ಕುಸಿದಾಗ ಚಿನೂಕ್ ಕೂಡ ಅದರ ಹಿಂದೆಯೇ ಕುಸಿಯಿತು. ನೀರಿನಡಿಯ ಮೀನನ್ನು ತೋರಿಸುವ ಫಿಶ್ ಫೈಂಡರ್ ಪರದೆಯ ಮೇಲೆ ಮೋಡದ ಹಾಗೆ ಕಾಣುವ ಗುಂಪು ಸಾಮಾನ್ಯವಾಗಿ ಈ ಸಣ್ಣ ಮೀನಿನದು. ಅದು ಕಂಡ ಕಡೆ ದೊಡ್ಡವು ದೂರ ಇರುವುದಿಲ್ಲ.

ಹೊರಡುವ ಮೊದಲು

ಸರೋವರದ ಸುತ್ತ ನಾಲ್ಕು ರಾಜ್ಯಗಳಿವೆ: ವಿಸ್ಕಾನ್ಸಿನ್, ಇಲಿನಾಯ್, ಇಂಡಿಯಾನ, ಮಿಶಿಗನ್. ನೀರಿನಲ್ಲೂ ಗಡಿ ಉಂಟು. ನೀವು ಗಾಳ ಹಾಕುವ ನೀರು ಯಾವ ರಾಜ್ಯದ್ದೋ ಆ ರಾಜ್ಯದ ಲೈಸೆನ್ಸ್ ಬೇಕು. ವಿಸ್ಕಾನ್ಸಿನ್, ಇಲಿನಾಯ್, ಇಂಡಿಯಾನ ಕಡೆ ಲೈಸೆನ್ಸ್ ಮೇಲೆ ಸಾಲ್ಮನ್ ಸ್ಟ್ಯಾಂಪನ್ನೂ (ಸಾಲ್ಮನ್ ಹಿಡಿಯಲು ಬೇಕಾದ ಹೆಚ್ಚುವರಿ ಪರವಾನಗಿ) ಕೊಳ್ಳಬೇಕು. ದಿನಕ್ಕೆ ಎಷ್ಟು ಮೀನು, ಅದರಲ್ಲಿ ಲೇಕ್ ಟ್ರೌಟ್ ಎಷ್ಟು ಅನ್ನುವ ಮಿತಿ ಆಗಾಗ ಬದಲಾಗುತ್ತದೆ. ಆ ವರ್ಷದ ನಿಯಮವನ್ನು ರಾಜ್ಯದ ವೆಬ್‌ಸೈಟಿನಲ್ಲಿ ಓದಿಕೊಂಡೇ ಹೊರಡಿ.

ಸ್ವಂತ ಬೋಟು ಕೊಳ್ಳುವ ಯೋಚನೆ ಇದ್ದರೆ ಮೊದಲು ಒಂದು ಸಲ ಕ್ಯಾಪ್ಟನ್ ಸಮೇತ ಬಾಡಿಗೆಗೆ ಸಿಗುವ ಚಾರ್ಟರ್ ಬೋಟಿನಲ್ಲಿ ಹೋಗಿ ಬನ್ನಿ. ಮಿಲ್ವಾಕಿ, ರೆಸೀನ್, ಶೆಬಾಯ್ಗನ್, ಅಲ್ಗೋಮ, ಆಚೆ ದಡದಲ್ಲಿ ಲಡಿಂಗ್ಟನ್, ಮ್ಯಾನಿಸ್ಟೀ, ಎಲ್ಲ ಕಡೆಯೂ ಸಿಗುತ್ತವೆ. ಆರು ಜನ ಸೇರಿ ಹಂಚಿಕೊಂಡರೆ ಖರ್ಚೂ ಭಾರವಾಗದು. ಫೋಟೊ ತೆಗೆಯೋದನ್ನ ಬಿಟ್ಟು, ಕ್ಯಾಪ್ಟನ್ನಿನ ಸಹಾಯಕ ಗಾಳ ಇಳಿಸುವಾಗ ಅವನ ಕೈ ನೋಡಿ. ಪ್ರಶ್ನೆ ಕೇಳಿ. ಖುಷಿಯಿಂದ ಹೇಳಿಕೊಡುತ್ತಾರೆ. ವಾಪಸ್ ಬಂದಾಗ ಸಹಾಯಕನಿಗೆ ಟಿಪ್ಸ್ ಕೊಡುವುದು ಇಲ್ಲಿನ ವಾಡಿಕೆ. ವಾಂತಿ ಬರುವ ಭಯ ಇದ್ದವರು ಮಾತ್ರೆಯನ್ನು ಬೋಟು ಹತ್ತಿದ ಮೇಲಲ್ಲ, ಮೊದಲೇ ತೆಗೆದುಕೊಳ್ಳಬೇಕು.

ಇನ್ನು ಗಾಳಿ. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. 1967ರ ಸೆಪ್ಟೆಂಬರ್ 23ರಂದು ಕೋಹೊ ಹುಚ್ಚು ಹಿಡಿದ ನೂರಾರು ಸಣ್ಣ ಬೋಟುಗಳು ಮಿಶಿಗನ್ ದಡದ ಪ್ಲ್ಯಾಟ್ ಕೊಲ್ಲಿಯ ಆಸುಪಾಸಿನಲ್ಲಿ ನೀರಿಗಿಳಿದಿದ್ದವು. ಎಚ್ಚರಿಕೆ ಬಂದಿದ್ದರೂ ಬಹಳ ಜನ ಲಕ್ಷ್ಯ ಕೊಡಲಿಲ್ಲ. ಬಿರುಗಾಳಿ ಎದ್ದು ಏಳು ಜನ ಮುಳುಗಿ ಸತ್ತರು. ಸಿಹಿನೀರಿನ ಸರೋವರ ಅಂತ ಹಗುರವಾಗಿ ನೋಡಬೇಡಿ. ಇಲ್ಲಿನ ಅಲೆಗಳು ಸಮುದ್ರದ ಅಲೆಯ ಹಾಗೆ ಉದ್ದಕ್ಕೆ ಉರುಳುವುದಿಲ್ಲ. ಗಿಡ್ಡವಾಗಿ, ಕಡಿದಾಗಿ, ಒಂದರ ಹಿಂದೆ ಒಂದು ಬಡಿಯುತ್ತವೆ.

ನ್ಯಾಷನಲ್ ವೆದರ್ ಸರ್ವಿಸ್‌ನವರು ದಡದ ಹತ್ತಿರದ ನೀರಿಗೆಂದೇ ಬೇರೆ ಮುನ್ಸೂಚನೆ ಕೊಡುತ್ತಾರೆ. ಹಿಂದಿನ ರಾತ್ರಿ ಒಮ್ಮೆ, ಬೆಳಗಿನ ಜಾವ ಮತ್ತೊಮ್ಮೆ ನೋಡಿ. ಸಣ್ಣ ಬೋಟುಗಳಿಗೆ ಎಚ್ಚರಿಕೆ ಇದೆ ಅಂದರೆ ಅವತ್ತು ಮನೆಯಲ್ಲೇ ಇರಿ. ಹದಿನೆಂಟು, ಇಪ್ಪತ್ತು ಅಡಿಯ ಬೋಟಿಗೆ ಎರಡು ಅಡಿ ಅಲೆಯೇ ಸಾಕು ಅನ್ನೋದು ನನ್ನ ಲೆಕ್ಕ. ಮಿಲ್ವಾಕಿ ಕಡೆ ಪಶ್ಚಿಮದ ಗಾಳಿ ಹೊಸಬರನ್ನು ಮೋಸ ಮಾಡುತ್ತದೆ. ಊರು ಅಡ್ಡ ಇರುವುದರಿಂದ ದಡದ ಹತ್ತಿರ ನೀರು ಕನ್ನಡಿಯ ಹಾಗೆ ಇರುತ್ತದೆ. ನಾಲ್ಕೈದು ಮೈಲಿ ಹೋದ ಮೇಲೆ ಅಲೆ ಎದ್ದಿರುತ್ತದೆ, ವಾಪಸ್ ಬರುವಾಗ ಅಷ್ಟನ್ನೂ ಎದುರಿಸಿಕೊಂಡೇ ಬರಬೇಕು. ಮೇ ತಿಂಗಳಲ್ಲಿ ಹೊರಗೆ ಎಷ್ಟೇ ಬಿಸಿಲಿದ್ದರೂ ನೀರು ಕೊರೆಯುತ್ತಿರುತ್ತದೆ. ಬಿದ್ದ ಮೊದಲ ನಿಮಿಷದಲ್ಲೇ ಉಸಿರು ಕಟ್ಟಿ ನೀರು ಕುಡಿಯುವವರೇ ಜಾಸ್ತಿ. ಆದ್ದರಿಂದ ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲೆ ಇರಬೇಕು. ವಿ.ಎಚ್.ಎಫ್. ರೇಡಿಯೊ ಇರಲಿ, ತುರ್ತಿಗೆ 16ನೇ ಚಾನೆಲ್. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಮನೆಯಲ್ಲಿ ಒಬ್ಬರಿಗೆ ಹೇಳಿ ಹೊರಡಿ.

ಯಾವ ತಿಂಗಳು, ಎಲ್ಲಿ

ಮಾರ್ಚ್ ಕೊನೆಯಿಂದ ಮೇವರೆಗೆ ಸರೋವರದ ದಕ್ಷಿಣ ತುದಿ ಬೇಗ ಬೆಚ್ಚಗಾಗುತ್ತದೆ. ಮಿಶಿಗನ್ ಸಿಟಿ, ಹ್ಯಾಮಂಡ್, ಚಿಕಾಗೊ ಮುಂದಿನ ನೀರಿನಲ್ಲಿ ಕೋಹೊ ಗುಂಪುಗುಂಪಾಗಿ ಮೇಲ್ಮೈ ಹತ್ತಿರವೇ ಸಿಗುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಆಳದ ಸಾಮಾನೇ ಬೇಡ. ಕಿತ್ತಳೆ ಬಣ್ಣದ ಸಣ್ಣ ಡಾಡ್ಜರ್ (ಓಲಾಡುತ್ತಾ ಮೀನನ್ನು ಸೆಳೆಯುವ ತಗಡು), ಅದರ ಹಿಂದೆ ಒಂದು ಪುಟ್ಟ ಫ್ಲೈ (ಎಳೆಗಳನ್ನು ಕಟ್ಟಿದ ಮುಳ್ಳು) ಇದ್ದರೆ ಸಾಕು. ಇದೇ ಕಾಲದಲ್ಲಿ ಬಂದರುಗಳ ಒಳಗೆ, ಹೊಳೆ ಸೇರುವ ಕಡೆ, ಹತ್ತು ಹದಿನೈದು ಅಡಿ ನೀರಿನಲ್ಲಿ ಬ್ರೌನ್ ಟ್ರೌಟ್ ಇರುತ್ತದೆ. ಅದು ಅಂಜುಬುರುಕ ಮೀನು. ಗಾಳ ಬೋಟಿನಿಂದ ನೂರು ಅಡಿಗೂ ಹಿಂದೆ ಇರಲಿ.

ಜುಲೈ, ಆಗಸ್ಟ್ ಚಿನೂಕ್‌ನ ಕಾಲ. ಮಿಲ್ವಾಕಿಯಿಂದ ಅಲ್ಗೋಮವರೆಗೆ, ಆಚೆ ದಡದಲ್ಲಿ ಲಡಿಂಗ್ಟನ್, ಮ್ಯಾನಿಸ್ಟೀ ಮುಂದೆ. 2021ರ ಆಗಸ್ಟ್‌ನಲ್ಲಿ ಲಡಿಂಗ್ಟನ್ ಹತ್ತಿರ ಸಿಕ್ಕ ಚಿನೂಕ್ 47.86 ಪೌಂಡ್ ತೂಗಿ ಮಿಶಿಗನ್ ರಾಜ್ಯದ ದಾಖಲೆಯಾಯಿತು, 1978ರಿಂದ ನಿಂತಿದ್ದ ದಾಖಲೆಯನ್ನು ಮುರಿಯಿತು. ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ದೊಡ್ಡ ಚಿನೂಕ್‌ಗಳು ಮೊಟ್ಟೆಯಿಡಲು ಹೊಳೆ ಬಾಯಿಗಳ ಮುಂದೆ ಬಂದು ಸೇರುತ್ತವೆ. ಆಗ ಅವು ಹೆಚ್ಚೇನೂ ತಿನ್ನುವುದಿಲ್ಲ, ಸಿಟ್ಟಿಗೆ ಕಚ್ಚುತ್ತವೆ.

ತಂಪನ್ನು ಹುಡುಕುವುದು

ಬೇಸಿಗೆಯಲ್ಲಿ ಸರೋವರದ ನೀರು ಪದರಪದರವಾಗಿ ನಿಲ್ಲುತ್ತದೆ. ಮೇಲೆ ಬೆಚ್ಚನೆ ಪದರ, ಕೆಳಗೆ ಕೊರೆಯುವ ಪದರ, ನಡುವೆ ಕೆಲವೇ ಅಡಿಗಳಲ್ಲಿ ತಾಪ ದಡಕ್ಕನೆ ಇಳಿಯುವ ಪಟ್ಟಿ. ಇದಕ್ಕೆ ಥರ್ಮೋಕ್ಲೈನ್ ಅನ್ನುತ್ತಾರೆ. ಸಣ್ಣ ಮೀನು, ದೊಡ್ಡ ಮೀನು ಎರಡೂ ಈ ಪಟ್ಟಿಯ ಸುತ್ತಮುತ್ತ ಇರುತ್ತವೆ. ಚಿನೂಕ್ ಇಷ್ಟಪಡುವುದು ಸುಮಾರು 50ರಿಂದ 54 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 10ರಿಂದ 12 ಸೆಲ್ಸಿಯಸ್. ಸ್ಟೀಲ್‌ಹೆಡ್ ಅದಕ್ಕಿಂತ ಮೇಲೆ, 55ರಿಂದ 60ರ ನೀರಿನಲ್ಲಿ. ಲೇಕ್ ಟ್ರೌಟ್ ತಳದಲ್ಲಿ, 50ಕ್ಕಿಂತ ತಣ್ಣಗಿನ ನೀರಿನಲ್ಲೂ ಹಾಯಾಗಿರುತ್ತದೆ.

ಈ ಪಟ್ಟಿ ಒಂದೇ ಕಡೆ ನಿಲ್ಲುವುದಿಲ್ಲ. ಮಿಲ್ವಾಕಿ ಬದಿಯಲ್ಲಿ ಪಶ್ಚಿಮ ಅಥವಾ ನೈಋತ್ಯದ ಗಾಳಿ ಎರಡು ಮೂರು ದಿನ ಬಿಡದೆ ಬೀಸಿದರೆ ಮೇಲಿನ ಬೆಚ್ಚನೆ ನೀರು ಆಚೆ ಹೋಗುತ್ತದೆ, ಕೆಳಗಿನ ತಂಪು ದಡಕ್ಕೆ ಏರಿ ಬರುತ್ತದೆ. ನಿನ್ನೆ 80 ಅಡಿಯಲ್ಲಿ ಇದ್ದ ತಾಪ ಇವತ್ತು 30 ಅಡಿಯಲ್ಲಿ ಇರಬಹುದು. ಚಿನೂಕ್ ಕೂಡ ಅದರ ಜೊತೆ ಬಂದಿರುತ್ತದೆ. ಈಶಾನ್ಯದ ಗಾಳಿ ಬೀಸಿದರೆ ಬೆಚ್ಚನೆ ನೀರು ಇಲ್ಲೇ ಗುಡ್ಡೆ ಬೀಳುತ್ತದೆ, ತಂಪು ಆಳಕ್ಕೆ ಇಳಿಯುತ್ತದೆ. ಲಡಿಂಗ್ಟನ್ ಬದಿಯಲ್ಲಿ ಇದು ತಿರುವುಮುರುವು. ಹಾಗಾಗಿ ಹೋದ ವಾರ ಯಾರಿಗೋ ಎಲ್ಲಿ ಮೀನು ಸಿಕ್ಕಿತು ಅಂತ ಕೇಳುವುದಕ್ಕಿಂತ, ಕಳೆದ ಮೂರು ದಿನ ಗಾಳಿ ಯಾವ ಕಡೆಯಿಂದ ಬೀಸಿತು ಅಂತ ನೋಡುವುದು ಮೇಲು.

ತಾಪ ಅಳೆಯಲು, ಗಾಳವನ್ನು ಆಳಕ್ಕೆ ಒಯ್ಯುವ ಡೌನ್‌ರಿಗ್ಗರ್ ಗುಂಡಿನ ಹತ್ತಿರ ಕಟ್ಟುವ ಪ್ರೋಬ್ ಸಿಗುತ್ತದೆ. ಆಳದ ತಾಪ, ಆಳದ ವೇಗ ಎರಡನ್ನೂ ಮೇಲಿನ ಪರದೆಗೆ ಕಳಿಸುತ್ತದೆ. ಬೆಲೆ ಜಾಸ್ತಿ, ನಿಜ. ಆದರೆ ಸ್ಪೂನ್‌ಗಳ ಗೋಡೆಯಲ್ಲಿ ಉಳಿಸಿದ ಹಣವನ್ನು ಇದಕ್ಕೆ ಹಾಕಿ. ಸದ್ಯಕ್ಕೆ ಆಗದಿದ್ದರೆ, ದಾರಕ್ಕೆ ಕಟ್ಟಿ ಇಳಿಸುವ ಅಗ್ಗದ ಥರ್ಮಾಮೀಟರ್ ಕೂಡ ಬೆಳಗ್ಗೆ ಒಂದು ಸಲ ಆಳ ತಿಳಿಯಲು ಸಾಕು.

ಗಾಳ ಇಳಿಸುವ ಕ್ರಮ

ವಿಸ್ಕಾನ್ಸಿನ್, ಮಿಶಿಗನ್ ಎರಡರಲ್ಲೂ ಒಬ್ಬರಿಗೆ ಮೂರು ಗಾಳದವರೆಗೆ ಅವಕಾಶ ಇದೆ. ಇಬ್ಬರು ಹೋದರೂ ಶುರುವಿಗೆ ನಾಲ್ಕೇ ಹಾಕಿ. ಎರಡು ಡೌನ್‌ರಿಗ್ಗರ್, ಎರಡು ಡೈವರ್. ಇವು ಏನು ಅಂತ ಮುಂದೆ ಹೇಳುತ್ತೇನೆ. ಜಾಸ್ತಿ ಹಾಕಿದರೆ ದಾರಗಳು ಸಿಕ್ಕಾಗಿ ಅರ್ಧ ದಿನ ಅದನ್ನು ಬಿಡಿಸುವುದರಲ್ಲೇ ಹೋಗುತ್ತದೆ.

ಮೊದಲು ಬೋಟನ್ನು ನೇರವಾಗಿ, ಗಂಟೆಗೆ ಎರಡೂವರೆ ಮೈಲಿಯ ಹತ್ತಿರ ಓಡಿಸಿ. ಒಬ್ಬರು ಚುಕ್ಕಾಣಿ ಬಿಡಬಾರದು.

ಸ್ಪೂನನ್ನು ದಾರಕ್ಕೆ ಸಿಕ್ಕಿಸಿ ಬೋಟಿನ ಪಕ್ಕದಲ್ಲೇ ನೀರಿಗೆ ಬಿಡಿ, ರಾಡಿನ ತುದಿ ಬಗ್ಗಿಸಿ ಹಿಡಿದು ಅರ್ಧ ನಿಮಿಷ ನೋಡಿ. ಅದು ಎಡಕ್ಕೂ ಬಲಕ್ಕೂ ಹೊರಳುತ್ತಾ, ಪ್ರತಿ ಹೊರಳಿಗೂ ಒಮ್ಮೆ ಮಿಂಚಬೇಕು. ಗಿರಗಿರ ಸುತ್ತುತ್ತಿದ್ದರೆ ವೇಗ ಜಾಸ್ತಿ, ಅಥವಾ ಮುಳ್ಳಿಗೆ ಏನೋ ಸಿಕ್ಕಿದೆ. ಸೋಮಾರಿಯಾಗಿ ತೂಗಾಡುತ್ತಿದ್ದರೆ ವೇಗ ಸಾಲದು. ಈ ಅರ್ಧ ನಿಮಿಷವನ್ನು ಯಾವತ್ತೂ ಉಳಿಸಲು ಹೋಗಬೇಡಿ. ಕೆಳಗೆ ಹೋದ ಮೇಲೆ ಅದು ನಿಮಗೆ ಕಾಣುವುದಿಲ್ಲ.

ಆಮೇಲೆ ಡೌನ್‌ರಿಗ್ಗರ್. ಅದು ಹತ್ತು ಹನ್ನೆರಡು ಪೌಂಡಿನ ಸೀಸದ ಗುಂಡನ್ನು ಕೇಬಲ್ಲಿನಲ್ಲಿ ಇಳಿಸುವ ರಾಟೆ. ಸ್ಪೂನನ್ನು ಇಪ್ಪತ್ತು, ಮೂವತ್ತು ಅಡಿ ಹಿಂದೆ ಬಿಟ್ಟು, ದಾರವನ್ನು ಗುಂಡಿನ ಹತ್ತಿರದ ಕ್ಲಿಪ್ಪಿಗೆ ಸಿಕ್ಕಿಸಿ. ರೀಲಿನ ಡ್ರ್ಯಾಗ್ (ದಾರ ಬಿಡುವುದನ್ನು ತಡೆಯುವ ಬ್ರೇಕು) ಸಡಿಲ ಮಾಡಿ, ಹೆಬ್ಬೆರಳು ಮೇಲಿಟ್ಟುಕೊಂಡು ಗುಂಡನ್ನು ನಿಧಾನಕ್ಕೆ ಇಳಿಸಿ. ಬೇಕಾದ ಆಳ ಬಂದ ಮೇಲೆ ರಾಡನ್ನು ಹೋಲ್ಡರ್‌ಗೆ ಹಾಕಿ, ಅದು ಬಿಲ್ಲಿನ ಹಾಗೆ ಬಾಗುವವರೆಗೆ ದಾರ ಸುತ್ತಿ. ಮೀನು ಕಚ್ಚಿದಾಗ ಕ್ಲಿಪ್ಪು ಬಿಟ್ಟು ರಾಡು ಪಟ್ಟನೆ ಮೇಲೇಳುತ್ತದೆ. ಒಂದು ಗುಂಡನ್ನು ಚಿನೂಕ್ ಇಷ್ಟಪಡುವ ತಾಪದ ಆಳಕ್ಕೆ, ಇನ್ನೊಂದನ್ನು ಅದಕ್ಕಿಂತ ಹದಿನೈದು ಅಡಿ ಮೇಲಕ್ಕೆ ಇಡಿ. ಮೀನು ಮೇಲೆ ನೋಡಿ ಬರುತ್ತದೆ, ತನಗಿಂತ ಕೆಳಗಿರುವುದನ್ನು ಹುಡುಕಿಕೊಂಡು ಹೋಗುವುದು ಕಡಿಮೆ. ಒಂದು ವಿಷಯ ನೆನಪಿರಲಿ: ಬೋಟು ಓಡುವಾಗ ಕೇಬಲ್ಲು ಹಿಂದಕ್ಕೆ ವಾಲುತ್ತದೆ. ರಾಟೆಯ ಮೀಟರು 80 ಅಡಿ ಅಂದರೂ ಗುಂಡು ಅದಕ್ಕಿಂತ ಮೇಲೇ ಇರುತ್ತದೆ.

ಡೈವರ್ ಅಂದರೆ ನೀರನ್ನು ಸೀಳಿಕೊಂಡು ಕೆಳಕ್ಕೂ ಪಕ್ಕಕ್ಕೂ ಓಡುವ ಪ್ಲಾಸ್ಟಿಕ್ ತಟ್ಟೆ. ಅದರ ತಳದಲ್ಲಿ ಸೊನ್ನೆಯಿಂದ ಮೂರರವರೆಗೆ ಅಂಕಿ ಇರುತ್ತದೆ. ಮೂರಕ್ಕೆ ತಿರುಗಿಸಿದರೆ ಬೋಟಿನಿಂದ ಹೆಚ್ಚು ದೂರ ಸರಿಯುತ್ತದೆ, ಆದರೆ ಆಳ ಕಡಿಮೆ. ಇದರ ಹಿಂದೆ ಎಂಟು ಇಂಚಿನ ಫ್ಲ್ಯಾಶರ್ (ಸುತ್ತುತ್ತಾ ಮಿಂಚುವ ಪಟ್ಟಿ), ಅದರ ಹಿಂದೆ ಎರಡು ಅಡಿ ಬಿಟ್ಟು ಫ್ಲೈ. ಚಿನೂಕ್‌ಗೆ ಇದಕ್ಕಿಂತ ನಂಬಿಕೆಯ ಜೋಡಿ ನನಗೆ ಗೊತ್ತಿಲ್ಲ. ಡೈವರ್ ರಾಡಿಗೆ ಅಡಿ ಎಣಿಸುವ ರೀಲು ಬೇಕೇ ಬೇಕು. ಮೀನು ಬಿದ್ದಾಗ ಎಷ್ಟು ಅಡಿ ದಾರ ಹೊರಗಿತ್ತು ಅಂತ ತಿಳಿದರೆ ತಾನೆ ಮತ್ತೆ ಅಲ್ಲಿಗೇ ಇಳಿಸಲು ಆಗೋದು?

ಲೆಡ್‌ಕೋರ್ ದಾರ (ಒಳಗೆ ಸೀಸ ಇರುವುದು), ತಾಮ್ರದ ದಾರ, ಪ್ಲ್ಯಾನರ್ ಬೋರ್ಡ್ (ದಾರವನ್ನು ಬೋಟಿನಿಂದ ಪಕ್ಕಕ್ಕೆ ಒಯ್ಯುವ ಹಲಗೆ) ಇವೆಲ್ಲ ಮುಂದಿನ ವರ್ಷಕ್ಕೆ ಇರಲಿ. ಲೆಡ್‌ಕೋರ್‌ನಲ್ಲಿ ಹತ್ತು ಗಜಕ್ಕೊಮ್ಮೆ ಬಣ್ಣ ಬದಲಾಗುತ್ತದೆ, ಒಂದು ಬಣ್ಣಕ್ಕೆ ಸುಮಾರು ಐದು ಅಡಿ ಆಳ ಅಂತ ಲೆಕ್ಕ. ಸದ್ಯಕ್ಕೆ ಇಷ್ಟು ಗೊತ್ತಿದ್ದರೆ ಸಾಕು.

ವೇಗ

ಜಿ.ಪಿ.ಎಸ್. ತೋರಿಸುವುದು ಬೋಟಿನ ವೇಗ. ಎಂಬತ್ತು ಅಡಿ ಕೆಳಗೆ ನೀರಿನ ಹರಿವು ಬೇರೆ ದಿಕ್ಕಿಗೆ ಇರಬಹುದು. ಉತ್ತರಕ್ಕೆ ಹೋಗುವಾಗ ಮೀನು ಮೇಲಿಂದ ಮೇಲೆ ಬಿದ್ದು, ತಿರುಗಿ ದಕ್ಷಿಣಕ್ಕೆ ಬರುವಾಗ ಒಂದೂ ಬೀಳದಿದ್ದರೆ ಕಾರಣ ಸಾಮಾನ್ಯವಾಗಿ ಇದೇ. ಚಿನೂಕ್‌ಗೆ ಕೆಳಗಿನ ವೇಗ ಗಂಟೆಗೆ 2.2ರಿಂದ 2.7 ಮೈಲಿ ಇರಲಿ. ಲೇಕ್ ಟ್ರೌಟ್‌ಗೆ ಇನ್ನೂ ನಿಧಾನ. ಪ್ರೋಬ್ ಇಲ್ಲದವರು ಕೇಬಲ್ಲಿನ ಓರೆಯನ್ನು ನೋಡಿಕೊಳ್ಳಬೇಕು. ಮೀನು ಬಿದ್ದಾಗ ಎಷ್ಟು ವಾಲಿತ್ತೋ ಅಷ್ಟೇ ವಾಲುವಂತೆ ವೇಗ ಹೊಂದಿಸಿ.

ನೇರ ಗೆರೆಯಲ್ಲೇ ಓಡಿಸುತ್ತಾ ಕೂರಬೇಡಿ. ಹಾವಿನ ನಡೆಯಲ್ಲಿ ನಿಧಾನಕ್ಕೆ ಎಡಬಲ ತಿರುಗಿಸಿ. ತಿರುವಿನಲ್ಲಿ ಹೊರಬದಿಯ ಗಾಳ ಜೋರಾಗುತ್ತದೆ, ಒಳಬದಿಯದು ನಿಧಾನವಾಗಿ ಇನ್ನಷ್ಟು ಇಳಿಯುತ್ತದೆ. ಹೊರಬದಿಯ ರಾಡು ಎದ್ದರೆ ಮೀನಿಗೆ ಇನ್ನೂ ವೇಗ ಬೇಕು ಅಂತ ಅರ್ಥ. ಒಳಬದಿಯದು ಎದ್ದರೆ ಕಡಿಮೆ ಮಾಡಿ.

ಬಣ್ಣದ ಬಗ್ಗೆ ಇಷ್ಟೇ: ಬೆಳಕು ಹರಿಯುವ ಮೊದಲು ಹೊಳೆಯುವ ಸ್ಪೂನ್, ಟಾರ್ಚ್ ಹಿಡಿದು ಬೆಳಕು ತುಂಬಿಸಿ ಬಿಡಿ. ಬಿಸಿಲೇರಿದ ಮೇಲೆ ಹಸಿರು, ನೀಲಿ, ಬೆಳ್ಳಿ. ಬೆಳಗಿನ ಜಾವ ಮತ್ತು ಸೂರ್ಯ ಹುಟ್ಟಿದ ಮೇಲಿನ ಒಂದೆರಡು ಗಂಟೆ ಎಲ್ಲಕ್ಕಿಂತ ಒಳ್ಳೆಯ ಹೊತ್ತು. ಬೆಳಕು ಏರಿದಂತೆ ಗಾಳವನ್ನು ಇನ್ನಷ್ಟು ಆಳಕ್ಕೆ ಇಳಿಸುತ್ತಾ ಹೋಗಿ.

ಮೀನು ಬಿದ್ದ ಮೇಲೆ

ಬೋಟು ನಿಲ್ಲಿಸಬೇಡಿ. ನಿಂತರೆ ಉಳಿದ ದಾರಗಳೆಲ್ಲ ಕೆಳಗೆ ಒಂದಾಗಿ ಸಿಕ್ಕಾಗುತ್ತವೆ. ವೇಗ ಸ್ವಲ್ಪ ಇಳಿಸಿ, ಆ ಬದಿಯ ಡೌನ್‌ರಿಗ್ಗರ್ ಎತ್ತಿಬಿಡಿ. ದೊಡ್ಡ ಚಿನೂಕ್ ಮೊದಲ ಓಟದಲ್ಲೇ ನೂರಾರು ಅಡಿ ದಾರ ಎಳೆದುಕೊಂಡು ಹೋಗುತ್ತದೆ. ಓಡಲಿ ಬಿಡಿ. ಡ್ರ್ಯಾಗ್ ಬಿಗಿ ಮಾಡಿದಿರೋ, ದಾರ ಹೋಯಿತು ಅಂತಲೇ ಲೆಕ್ಕ. ಅದು ನಿಂತ ಮೇಲೆ ರಾಡನ್ನು ಎತ್ತಿ, ಇಳಿಸುವಾಗ ಸುತ್ತಿಕೊಳ್ಳಿ. ಬೋಟು ಕಂಡ ಕೂಡಲೇ ಅದು ಮತ್ತೊಮ್ಮೆ ಓಡುತ್ತದೆ, ಅದಕ್ಕೆ ತಯಾರಿರಿ. ಕೈಬಲೆಯನ್ನು ಮೀನಿನ ಹಿಂದಿನಿಂದ ಬೀಸಬಾರದು. ತಲೆ ಮುಂದಾಗಿ ಬಲೆಯೊಳಗೆ ಬರುವಂತೆ ರಾಡು ಹಿಡಿದವರು ಎಳೆಯಬೇಕು, ಆಗ ಎತ್ತಬೇಕು.

ಆಗಸ್ಟ್ ಹೊತ್ತಿಗೆ ರಾಡಿನ ತುದಿಯ ಬಳೆಯಲ್ಲಿ ಕಪ್ಪು ಚುಕ್ಕೆಗಳಿರುವ ಲೋಳೆಯಂಥ ಗಂಟು ಕಟ್ಟಿಕೊಂಡು ದಾರ ಒಳಗೆ ಬರದೆ ನಿಲ್ಲಬಹುದು. ಅದು ಸ್ಪೈನಿ ವಾಟರ್‌ಫ್ಲೀ ಎಂಬ ಹೊರಗಿನಿಂದ ಬಂದ ಜೀವಿ. ಚಿವುಟಿ ತೆಗೆಯಿರಿ. ಮೀನು ಹತ್ತಿರ ಬಂದಾಗ ಇದನ್ನು ನೋಡಿಕೊಳ್ಳದೆ ಸುತ್ತಿದರೆ ದಾರ ಕಡಿದುಹೋಗುತ್ತದೆ. ದಡಕ್ಕೆ ಬಂದ ಮೇಲೆ ಬೋಟಿನ ನೀರನ್ನೆಲ್ಲ ಬಸಿದು, ಟ್ರೈಲರಿಗೆ ಅಂಟಿದ ಪಾಚಿ, ಚಿಪ್ಪು ಕಿತ್ತು ಒಣಗಿಸಿ. ಇಂಥ ಜೀವಿಗಳು ಒಳನಾಡಿನ ಸಣ್ಣ ಕೆರೆಗಳಿಗೆ ಹೋಗುವುದು ಹೀಗೆ ತೊಳೆಯದ ಬೋಟುಗಳಿಂದಲೇ.

ಸಿಕ್ಕಿದ್ದು ಯಾವ ಮೀನು? ಬಾಯಿ ತೆರೆದು ನೋಡಿ. ವಸಡು ಪೂರ್ತಿ ಕಪ್ಪಗಿದ್ದು ಬಾಲದ ಮೇಲೂ ಕೆಳಗೂ ಚುಕ್ಕೆ ಇದ್ದರೆ ಚಿನೂಕ್. ಹಲ್ಲು ಹುಟ್ಟುವ ಗೆರೆ ಬಿಳಿಯಾಗಿದ್ದು, ಚುಕ್ಕೆ ಬಾಲದ ಮೇಲರ್ಧದಲ್ಲಿ ಮಾತ್ರ ಇದ್ದರೆ ಕೋಹೊ. ಬಾಯಿಯೆಲ್ಲ ಬಿಳಿ, ಬಾಲ ತುಂಬ ಸಾಲುಸಾಲು ಚುಕ್ಕೆ ಇದ್ದರೆ ಸ್ಟೀಲ್‌ಹೆಡ್. ಬಾಲ ಕವಲೊಡೆದು, ಕಂದು ಮೈಮೇಲೆ ತಿಳಿ ಚುಕ್ಕೆ ಇದ್ದರೆ ಲೇಕ್ ಟ್ರೌಟ್. ಬೆನ್ನ ಹಿಂದೆ, ಬಾಲಕ್ಕೆ ಮುಂಚೆ ಇರುವ ಪುಟ್ಟ ಈಜುರೆಕ್ಕೆ ಕತ್ತರಿಸಿದ್ದರೆ ಅದು ಸಾಕಣೆ ಕೇಂದ್ರದಲ್ಲಿ ಹುಟ್ಟಿದ ಮೀನು.

ಬೇಸಿಗೆಯಲ್ಲಿ ಹಿಡಿದು ಬಿಡುವುದನ್ನು ಆಟ ಮಾಡಿಕೊಳ್ಳಬೇಡಿ. 50 ಡಿಗ್ರಿ ನೀರಿನಿಂದ 70 ಡಿಗ್ರಿಯ ಮೇಲ್ಮೈಗೆ ಎಳೆದು ಸುಸ್ತಾದ ಸಾಲ್ಮನ್ ಬಿಟ್ಟ ಮೇಲೆ ಬದುಕುವುದು ಕಷ್ಟ. ಮನೆಗೆ ಸಾಕಾದಷ್ಟು ಸಿಕ್ಕಿತು ಅಂದರೆ ಗಾಳ ಎತ್ತಿ ವಾಪಸ್ ಬನ್ನಿ.

ಅಡುಗೆಮನೆಗೆ

ಬೋಟಿನಲ್ಲೇ ಕಿವಿರು ಕತ್ತರಿಸಿ ರಕ್ತ ಬಸಿದು, ಐಸಿನಲ್ಲಿ ಹೂತಿಡಿ. ಬಿಸಿಲಿನಲ್ಲಿ ಒಂದು ಗಂಟೆ ಬಿದ್ದ ಸಾಲ್ಮನ್‌ಗೆ ಯಾವ ಮಸಾಲೆಯೂ ಉಪಯೋಗಕ್ಕೆ ಬರುವುದಿಲ್ಲ.

ಇಲ್ಲಿನ ದೊಡ್ಡ ಮೀನುಗಳ ಕೊಬ್ಬಿನಲ್ಲಿ ಪಿ.ಸಿ.ಬಿ. ಎಂಬ ಹಳೆಯ ಕಾರ್ಖಾನೆ ರಾಸಾಯನಿಕ ಸೇರಿಕೊಂಡಿರುತ್ತದೆ. ಯಾವ ಮೀನನ್ನು ತಿಂಗಳಿಗೆ ಎಷ್ಟು ಸಲ ತಿನ್ನಬಹುದು ಅಂತ ಪ್ರತಿ ರಾಜ್ಯವೂ ಪಟ್ಟಿ ಕೊಡುತ್ತದೆ. ಗರ್ಭಿಣಿಯರು, ಮಕ್ಕಳಿರುವ ಮನೆಯವರು ಅದನ್ನು ನೋಡಿಯೇ ಅಡುಗೆ ಮಾಡಿ. ಚರ್ಮ ಸುಲಿದು, ಹೊಟ್ಟೆಯ ಕೊಬ್ಬು, ಬೆನ್ನಿನ ಮೇಲಿನ ಕೊಬ್ಬು, ಪಕ್ಕೆಯ ನಡುವಿನ ಕಪ್ಪು ಮಾಂಸ ಇಷ್ಟನ್ನೂ ಕತ್ತರಿಸಿ ಎಸೆದರೆ ಇದು ಬಹಳಷ್ಟು ಕಡಿಮೆಯಾಗುತ್ತದೆ. ಬೇಯಿಸುವ ಬಿಸಿಗೆ ನಾಶವಾಗುವಂಥದ್ದಲ್ಲ.

ನಮ್ಮ ಅಡುಗೆಯಲ್ಲಿ ಇದನ್ನು ಇನ್ನೂ ಗಮನಿಸಬೇಕು. ಕೆಂಡದ ಮೇಲೆ ಸುಟ್ಟರೆ ಕೊಬ್ಬು ಕರಗಿ ಕೆಳಗೆ ಸೋರಿಹೋಗುತ್ತದೆ. ಸಾರು ಮಾಡಿದರೆ ಅಷ್ಟೂ ಪಾತ್ರೆಯಲ್ಲೇ ಉಳಿಯುತ್ತದೆ. ಆದ್ದರಿಂದ ಸಾರಿಗೆ ಹಾಕುವ ತುಂಡುಗಳಲ್ಲಿ ಚರ್ಮ, ಕೊಬ್ಬು ಒಂದಿಷ್ಟೂ ಇರಬಾರದು. ದೊಡ್ಡ ಚಿನೂಕ್‌ನ ತಲೆ ಹಾಕಿ ಸಾರು ಮಾಡುವ ಆಸೆ ನಮ್ಮವರಿಗೆ ಬರುತ್ತದೆ ಅಲ್ವಾ, ಅದನ್ನು ಬಿಟ್ಟುಬಿಡಿ. ರವೆ ಫ್ರೈಗೆ ವಸಂತದ ಮೂರು ನಾಲ್ಕು ಪೌಂಡಿನ ಕೋಹೊ ಎಲ್ಲಕ್ಕಿಂತ ಚೆನ್ನ. ಸಣ್ಣ ಮೀನಾದ್ದರಿಂದ ರಾಸಾಯನಿಕವೂ ಕಡಿಮೆ. ಅರಿಸಿನ, ಖಾರದ ಪುಡಿ, ಹುಣಸೆ ರಸ ಸವರಿ ಅರ್ಧ ಗಂಟೆ ಇಡಿ, ಜಾಸ್ತಿ ಹೊತ್ತು ಬೇಡ, ಮಾಂಸ ಮೆತ್ತಗಾಗುತ್ತದೆ. ಕಾವಲಿಗೆ ಎಣ್ಣೆ ಸ್ವಲ್ಪವೇ ಹಾಕಿ, ಏಕೆಂದರೆ ಈ ಮೀನು ತಾನೇ ಎಣ್ಣೆ ಬಿಡುತ್ತದೆ.